ಮೌನಕ್ಕೆ ನಿಂತ ಕಂಡಕ್ಟರು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮೇಲೆ ಕಂಡಕ್ಟರು ನಿವೃತ್ತರಾದರು. ಅವರ ದನಿ ಮಾತ್ರ ನಿವೃತ್ತಿಗೆ ಒಪ್ಪಲಿಲ್ಲ. ಊಟಕ್ಕೆ ಕೂತು ಅವರು ಉಪ್ಪು ಕೇಳಿದರೆ ಎದುರು ಮನೆಯವರು ಎದ್ದು ಅಡುಗೆಮನೆಯ ಕಡೆ ನೋಡುತ್ತಿದ್ದರು. ಬೆಳಿಗ್ಗೆ ಬಚ್ಚಲಮನೆಯ ಮುಂದೆ ಮಗಳೂ ಅಳಿಯನೂ ಟವೆಲು ಹೊದ್ದು ನಿಂತಿದ್ದರೆ ‘ಮುಂದೆ ಹೋಗಿ, ಮುಂದೆ ಜಾಗ ಇದೆ’ ಎಂಬ ಮಾತು ಅವರಿಗೇ ತಿಳಿಯದೆ ಬಾಯಿಂದ ಉದುರುತ್ತಿತ್ತು. ಅವರ ಹೆಂಡತಿ ನಡುಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಮೆಷಿನ್ನಿನ ಕಟಕಟಕ್ಕಿಂತ ಗಂಡನ ವಟವಟವೇ ಹೆಚ್ಚಾದಾಗ ಒಂದು ಶನಿವಾರ ಅವರು ಹಲ್ಲಿನ ನಡುವಿನ ಗುಂಡುಸೂಜಿಗಳನ್ನು ತೆಗೆದಿಟ್ಟು ಹೇಳಿದರು:

“ರೀ, ನೀವು ಹೀಗೇ ಮಾತಾಡ್ತಾ ಇದ್ರೆ ಈ ರವಿಕೆಗೆ ಮೂರು ತೋಳು ಇಟ್ಬಿಡ್ತೀನಿ. ಎಲ್ಲಾದ್ರೂ ಒಂದು ಸುತ್ತು ಹೋಗಿ ಬನ್ನಿ.”

ಹೀಗೆ ಮನೆಯಿಂದ ಹೊರಬಿದ್ದ ಕಂಡಕ್ಟರು ಪಿಂಚಣಿದಾರರ ಸಭೆ ಹುಡುಕಿಕೊಂಡು ಲೈಬ್ರರಿಯ ಮಹಡಿ ಹತ್ತಿದರು. ಪಿಂಚಣಿದಾರರು ಎಡಗಡೆ ಕೋಣೆಯಲ್ಲಿದ್ದರು. ಇವರು ಬಲಗಡೆಯ ಬಾಗಿಲು ತಳ್ಳಿದರು. ಒಳಗೆ ಆರು ಜನ ಕಬ್ಬಿಣದ ಕುರ್ಚಿಗಳಲ್ಲಿ ದುಂಡಗೆ ಕೂತಿದ್ದರು. ಯಾರೋ ಇವರ ಕೈಗೊಂದು ಲೋಟ ಟೀ ಕೊಟ್ಟರು. ಅದು ಶಾಂತಿಗಾಗಿ ಸೇರಿದ ಗುಂಪು, ಗಡಿಯಲ್ಲಿ ಎಂಟು ತಿಂಗಳಿಂದ ನಡೆಯುತ್ತಿರುವ ಯುದ್ಧ ನಿಲ್ಲಲಿ ಎಂದು ವಾರಕ್ಕೊಮ್ಮೆ ಸೇರುವವರು, ಎಂದು ಕಂಡಕ್ಟರಿಗೆ ತಿಳಿಯುವಷ್ಟರಲ್ಲಿ ಟೀ ಮುಗಿದಿತ್ತು. ಟೀ ಕುಡಿದು ಹಾಗೇ ಎದ್ದು ಹೋಗುವುದು ಅವರ ಜಾಯಮಾನವಲ್ಲ. ಕೂತರು.

ಗುಂಪಿಗೆ ಮುಂದಾಳು ನಿವೃತ್ತ ಡ್ರಾಯಿಂಗ್ ಟೀಚರು. ಸಣ್ಣ ದೇಹ, ಇನ್ನೂ ಸಣ್ಣ ದನಿ. ನಲವತ್ತು ಮಕ್ಕಳ ತರಗತಿಯನ್ನು ಬರೀ ಕಣ್ಣಲ್ಲೇ ಆಳಿದ ಹೆಂಗಸು. ಅವರ ನಿಯಮ ಸರಳವಾಗಿತ್ತು: ಘೋಷಣೆ ಇಲ್ಲ, ಭಾಷಣ ಇಲ್ಲ, ಯಾರನ್ನೂ ಬೈಯುವಂತಿಲ್ಲ. ಶನಿವಾರ ಸಂಜೆ ಐದರಿಂದ ಐದೂವರೆವರೆಗೆ ಪಾರ್ಕಿನ ಗೇಟಿನ ಬಳಿ ತುಟಿ ಪಿಟಕ್ಕೆನ್ನದೆ ನಿಲ್ಲುವುದು, ಅಷ್ಟೇ. ಕೈಯಲ್ಲಿ ಎರಡೇ ಹಲಗೆ. ಒಂದರ ಮೇಲೆ ‘ಯುದ್ಧ’, ಇನ್ನೊಂದರ ಮೇಲೆ ‘ನಿಲ್ಲಿಸಿ’. ಎರಡನ್ನೂ ಟೀಚರೇ ಕೆಂಪು ಬಣ್ಣದಲ್ಲಿ ಬರೆದಿದ್ದರು. ಅಕ್ಷರಗಳು ಅಂಚಿಗೆ ತಾಗಬಾರದು ಎಂಬ ಹಟಕ್ಕೆ ಎರಡು ಪದ ಒಂದೇ ಹಲಗೆಯಲ್ಲಿ ಹಿಡಿಸಿರಲಿಲ್ಲ.

“ಯುದ್ಧ” ಹಿಡಿಯುತ್ತಿದ್ದವರು ಹಲ್ಲಿನ ಡಾಕ್ಟರು. “ನಿಲ್ಲಿಸಿ” ಹಿಡಿಯುತ್ತಿದ್ದವರಿಗೆ ಭುಜನೋವು ಬಂದು ಆ ಹಲಗೆ ಕಂಡಕ್ಟರ ಪಾಲಿಗೆ ಬಂತು.

ಮೊದಲ ಶನಿವಾರ ಅವರು ಆರು ನಿಮಿಷ ಸುಮ್ಮನಿದ್ದರು. ಆಮೇಲೆ ಸೈಕಲ್ಲಿನವನೊಬ್ಬ ಗೇಟಿಗೆ ಅಡ್ಡ ನಿಂತದ್ದು ಕಂಡು “ಏಯ್, ಸೈಡಿಗೆ ಬಾರಯ್ಯ” ಎಂದುಬಿಟ್ಟರು. ಪಾರ್ಕಿನ ಪಾರಿವಾಳಗಳು ಒಂದೂ ಉಳಿಯದೆ ಹಾರಿದವು. ಎರಡನೆಯ ಶನಿವಾರ ಪರಿಚಯದ ಮುದುಕರೊಬ್ಬರು ಬಂದು ಆಸ್ಪತ್ರೆಗೆ ಯಾವ ಬಸ್ಸು ಎಂದು ಕೇಳಿದರು. ಕಂಡಕ್ಟರು ಬಸ್ಸಿನ ನಂಬರು ಹೇಳಿ, ಅದು ತಪ್ಪಿದರೆ ಯಾವುದು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಯಾವ ಡ್ರೈವರು ಸ್ವಲ್ಪ ಜೋರು ಎಂಬುದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಐದೂವರೆ ಆಗಿತ್ತು.

ಟೀಚರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

“ಕಂಡಕ್ಟರೇ, ನಿಮ್ಮ ಕೈಲಾಗದಿದ್ರೆ ಬೇಜಾರಿಲ್ಲ. ಮನೇಲೇ ಇದ್ದು ನೆನೆಸ್ಕೊಳ್ಳಿ, ಅದೂ ಒಂದು ರೀತಿ ಬೆಂಬಲಾನೇ,” ಎಂದರು.

ಆ ಮಾತು ಕಂಡಕ್ಟರಿಗೆ ಮುಳ್ಳಿನ ಹಾಗೆ ನಾಟಿತು. ತುಂಬಿದ ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಅಂಗಿ ಹಿಡಿದವರನ್ನು ಬಿಡಿಸಿದವರು, ತಾಳಿ ಬಾಳಿದವರು, ಅರ್ಧ ಗಂಟೆ ಬಾಯಿ ಮುಚ್ಚಲಾಗದೆ ಸೋಲುವುದೇ? “ಮುಂದಿನ ವಾರ ನನ್ನ ಬಾಯಿಂದ ಒಂದು ಅಕ್ಷರ ಬಿದ್ರೆ ಹಲಗೆ ವಾಪಸ್ ಇಸ್ಕೊಳ್ಳಿ,” ಎಂದು ಮಾತು ಕೊಟ್ಟರು. ಮನೆಯಲ್ಲಿ ಅಭ್ಯಾಸವನ್ನೂ ಶುರುಮಾಡಿದರು. ಮೂರನೆಯ ದಿನ ಹೆಂಡತಿ ಥರ್ಮಾಮೀಟರು ತಂದು ಅವರ ಬಾಯಿಗಿಟ್ಟರು.

ಆ ಶನಿವಾರ ಪೈಪು ಹಾಕುವುದಕ್ಕೆಂದು ಪಾರ್ಕಿನ ಗೇಟಿನ ಮುಂದೆ ರಸ್ತೆ ಅಗೆದಿದ್ದರು. ಗುಂಪು ಮೂವತ್ತು ಹೆಜ್ಜೆ ಆಚೆ ಸರಿದು ಬಸ್‌ಸ್ಟಾಪಿನ ಪಕ್ಕ ನಿಂತಿತು. ಫುಟ್‌ಪಾತು ಕಿರಿದಾದ್ದರಿಂದ ಕಂಡಕ್ಟರು ಹಳೇ ರೂಢಿಯಂತೆ ಎಲ್ಲರನ್ನೂ ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿ, ತಾವು ಎಲ್ಲರಿಗಿಂತ ಮುಂದೆ ಹಲಗೆ ಹಿಡಿದು ನಿಂತರು. ಹಲ್ಲಿನ ಡಾಕ್ಟರು ಅಂದು ಬರಲಿಲ್ಲ. ಯಾರದೋ ದವಡೆ ಹಲ್ಲು ಅರ್ಧಕ್ಕೆ ಮುರಿದು ಕೂತಿತ್ತಂತೆ. ಡಾಕ್ಟರ ಜೊತೆಗೆ ಅವರ ಕಾರಿನಲ್ಲಿದ್ದ ‘ಯುದ್ಧ’ವೂ ಬರಲಿಲ್ಲ.

ಹಾಗಾಗಿ ಊರಿಗೆಲ್ಲ ಗುರುತಿದ್ದ ಕಂಡಕ್ಟರು ಬಸ್‌ಸ್ಟಾಪಿನಲ್ಲಿ ‘ನಿಲ್ಲಿಸಿ’ ಎಂಬ ದೊಡ್ಡ ಕೆಂಪು ಹಲಗೆ ಹಿಡಿದು ನಿಂತಂತಾಯಿತು.

ಶನಿವಾರ ಸಂಜೆಯ ಬಸ್ಸುಗಳು ಮಾರುಕಟ್ಟೆಯಿಂದಲೇ ಕಿಕ್ಕಿರಿದು ಬಂದು ಆ ಸ್ಟಾಪಿನಲ್ಲಿ ನಿಲ್ಲದೆ ಹೋಗುವುದು ಎಲ್ಲರಿಗೂ ಗೊತ್ತಿದ್ದ ಗೋಳು. ಮೊದಲು ಬಂದವನು ದುರಸ್ತಿ ಮಾಡಿಸಿದ ಸೀಲಿಂಗ್ ಫ್ಯಾನನ್ನು ಮಗುವಿನಂತೆ ತಬ್ಬಿಕೊಂಡಿದ್ದ ಎಲೆಕ್ಟ್ರಿಷಿಯನ್.

“ಅಣ್ಣ, ಇವತ್ತು ಬಸ್ ನಿಲ್ಲಿಸ್ತೀರಾ?” ಎಂದ.

ಕಂಡಕ್ಟರು ಹಲಗೆಯ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಅಂಗೈ ಎತ್ತಿ ತಡೆ ಎಂಬಂತೆ ಸನ್ನೆ ಮಾಡಿದರು. ನಾನು ಮಾತಾಡುವ ಹಾಗಿಲ್ಲ ಎಂದು ಅವರ ಅರ್ಥ. ಸುಮ್ಮನೆ ಸಾಲಲ್ಲಿ ನಿಂತು ಕಾಯಿ ಎಂದು ಅವನಿಗೆ ಅರ್ಥವಾಯಿತು. ಅವನು ಹಿಂದೆ ಹೋಗಿ ನಿಂತ. ಅವನ ಹಿಂದೆ ಪುಸ್ತಕದ ಗಂಟು ಹೊತ್ತ ಇಬ್ಬರು ಕಾಲೇಜು ಹುಡುಗಿಯರು, ಅವರ ಹಿಂದೆ ಆಸ್ಪತ್ರೆಯ ನರ್ಸು, ನರ್ಸಿನ ಹಿಂದೆ ಮಾರುಕಟ್ಟೆ ಚೀಲಗಳ ದೊಡ್ಡ ದಂಡು. “ಯಾಕೆ ಎಲ್ಲ ಸುಮ್ನಿದಾರೆ?” ಎಂದು ಒಬ್ಬರು ಪಿಸುಗುಟ್ಟಿದರು. “ಮೇಲಿಂದ ಯಾರೋ ಚೆಕಿಂಗಿಗೆ ಬಂದಿದಾರಂತೆ,” ಎಂದು ಇನ್ನೊಬ್ಬರು ಕಣ್ಣಲ್ಲೇ ಡ್ರಾಯಿಂಗ್ ಟೀಚರನ್ನು ತೋರಿಸಿದರು. ಟೀಚರ ಮುಖ ನೋಡಿದವರಾರಿಗೂ ಅನುಮಾನ ಉಳಿಯಲಿಲ್ಲ. ಸಾಲಿಗೆ ಸಾಲೇ ಗಪ್‌ಚುಪ್ಪಾಯಿತು.

ಟೀಚರು ಮೆಲ್ಲಗೆ ತಿರುಗಿ ನೋಡಿದರು. ನಲವತ್ತು ಜನ. ಎಂಟು ತಿಂಗಳಲ್ಲಿ ಏಳು ಮೀರದ ಗುಂಪು. ಅವರ ಕಣ್ಣು ತುಂಬಿ ಬಂತು. ಎದುರಿನಿಂದ ಪತ್ರಿಕೆಯ ಫೋಟೋಗ್ರಾಫರು ಸ್ಕೂಟರ್ ನಿಲ್ಲಿಸಿ ಪಟಪಟನೆ ನಾಲ್ಕು ಫೋಟೋ ಹೊಡೆದುಕೊಂಡು ಹೋದ.

ಐದೂ ಕಾಲಿಗೆ ಬಸ್ಸು ಬಂತು.

ತಿರುವಿನಲ್ಲಿ ಅದರ ಮೂತಿ ಕಂಡದ್ದೇ ಕಂಡಕ್ಟರ ಗಂಟಲಲ್ಲಿ ‘ಹೋಲ್ಡಾನ್’ ಬಂದು ಕೂತಿತು. ಸ್ಟಿಯರಿಂಗ್ ಹಿಡಿದಿದ್ದವನು ಒಂಬತ್ತು ವರ್ಷ ತಮ್ಮ ಜೊತೆಗೇ ದುಡಿದವನು. ಒಂದು ಕೂಗು ಹಾಕಿದರೆ ನಿದ್ದೆಯಲ್ಲೂ ಬ್ರೇಕು ತುಳಿಯುವವನು. ಬೆನ್ನ ಹಿಂದೆ ನಲವತ್ತು ಜನರ ಕಣ್ಣು. ಬಾಗಿಲಿಗೆ ಜನ ಜೋತುಬಿದ್ದ ಬಸ್ಸು ಹತ್ತಿರ ಬಂತು, ಎದುರಿಗೆ ಬಂತು. ಕಂಡಕ್ಟರು ಹಲಗೆ ಎತ್ತಿ ಹಿಡಿದರು, ಕಣ್ಣು ಬಿಟ್ಟರು, ಕುತ್ತಿಗೆಯ ನರ ಉಬ್ಬಿಸಿದರು. ಬಾಯಿ ಮಾತ್ರ ಬಿಡಲಿಲ್ಲ. ಡ್ರೈವರು ಹಳೇ ಸಂಗಾತಿಗೆ ನಗುತ್ತಾ ಒಂದು ಸಲಾಮು ಹೊಡೆದು ಮುಂದೆ ಹೋದ.

ಸಾಲು ಬೆಪ್ಪಾಗಿ ನೋಡಿತು. ಆದರೂ ಕದಲಲಿಲ್ಲ. ಕಂಡಕ್ಟರಣ್ಣ ಬಿಟ್ಟುಕೊಟ್ಟಿದ್ದಾರೆ ಎಂದರೆ ಹಿಂದೆಯೇ ಖಾಲಿ ಬಸ್ಸು ಬರುತ್ತಿರಬೇಕು. ಇನ್ನೂ ಹದಿನೈದು ನಿಮಿಷ ಎಲ್ಲರೂ ಹಾಗೇ ನಿಂತರು.

ಐದೂವರೆಗೆ ಟೀಚರು ಸಾಲಿನ ಮುಂದೆ ಬಂದು ಕೈಮುಗಿದರು. “ಶಾಂತಿಗಾಗಿ ಇಷ್ಟು ಹೊತ್ತು ನಿಂತಿದ್ದಕ್ಕೆ ನಿಮಗೆಲ್ಲ ತುಂಬಾ ಥ್ಯಾಂಕ್ಸ್.”

“ಶಾಂತಿ ಯಾರು?” ಎಂದರು ಚೀಲದ ಹೆಂಗಸೊಬ್ಬರು. “ಅವರಿಗೋಸ್ಕರ ಬಸ್ ಬಿಟ್ರಾ? ಅವರು ಇನ್ನೂ ಬಂದೇ ಇಲ್ವಲ್ಲ.”

ವಿಷಯ ಬಯಲಾಗಲು ಎರಡು ನಿಮಿಷ ಹಿಡಿಯಿತು. ಗದ್ದಲ ಏಳಲು ಅಷ್ಟೂ ಬೇಕಾಗಲಿಲ್ಲ. ಒಬ್ಬರಿಗೆ ಅಡುಗೆ ತಡ, ಒಬ್ಬರಿಗೆ ಡ್ಯೂಟಿ ತಡ. ಮುಂದಿನ ಬಸ್ಸು ಆರು ಇಪ್ಪತ್ತಕ್ಕೆ. ಫ್ಯಾನಿನವನು ಕಂಡಕ್ಟರ ಎದುರಿಗೇ ಬಂದು ನಿಂತ. ಫ್ಯಾನಿನ ರೆಕ್ಕೆಯೊಂದು ಇಬ್ಬರ ಮೂಗಿನ ನಡುವೆ ಆಡುತ್ತಿತ್ತು.

“ನೀವು ಒಂದು ಕೂಗು ಹಾಕಿದ್ರೆ ನಿಲ್ತಿತ್ತಲ್ಲ ಅಣ್ಣ. ನಿಮ್ಮ ದನಿ ಯಾರಿಗೆ ಗೊತ್ತಿಲ್ಲ? ಬಾಯಿಗೆ ಏನಾಗಿತ್ತು?”

ಸಮಯ ಐದೂ ಮೂವತ್ತೆರಡು. ಮಾತಾಡುವುದಕ್ಕೆ ಅಡ್ಡಿಯಿರಲಿಲ್ಲ. ಆದರೂ ಕಂಡಕ್ಟರ ದನಿ ಯಾಕೋ ಸಣ್ಣದಾಗಿಯೇ ಬಂತು. ಕೇಳಿಸಿಕೊಳ್ಳಬೇಕೆಂದರೆ ಜನ ಸುಮ್ಮನಾಗಿ ಹತ್ತಿರ ಬರಬೇಕಾಯಿತು.

“ಹಿಂದಿನ ಯುದ್ಧದಲ್ಲಿ ನಾನು ಹದಿನಾಲ್ಕನೇ ನಂಬರ್ ಬಸ್ಸಲ್ಲಿದ್ದೆ. ಒಬ್ಬಮ್ಮ ಪ್ರತಿ ಶುಕ್ರವಾರ ಹತ್ತೋರು. ಮಿಲಿಟರಿ ಆಫೀಸಿಗೆ ಹೋಗಿ ಮಗನ ಕಾಗದ ಬಂತಾ ಅಂತ ಕೇಳ್ಕೊಂಡು ಬರೋರು. ಒಂದಿನ ವಾಪಸ್ ಬರುವಾಗ ಕೈಯಲ್ಲಿ ಒಂದು ಕವರಿತ್ತು. ನನಗೆ ಓದೋಕೆ ಬರಲ್ಲ, ಓದಿ ಹೇಳಪ್ಪ ಅಂದ್ರು. ಎರಡೇ ಸಾಲು. ಮಗ ಕಾಣೆಯಾಗಿದಾನೆ, ಇನ್ಮೇಲೆ ಹುಡುಕೋದಿಲ್ಲ ಅಂತ. ಮೆಲ್ಲಗೆ ಓದಿದೆ. ಇನ್ನೊಂದ್ಸಲ ಓದು ಅಂದ್ರು. ಅವರ ಸ್ಟಾಪ್ ಬರೋವರೆಗೂ ನಾಲ್ಕು ಸಲ ಓದಿಸಿದ್ರು. ಇಳಿಯುವಾಗ, ಶುಕ್ರವಾರ ಬರ್ತೀನಪ್ಪ ಅಂದ್ರು. ಬಂದ್ರು ಕೂಡ. ಆಮೇಲೆ ಎರಡು ವರ್ಷ ಒಂದು ಶುಕ್ರವಾರಾನೂ ತಪ್ಪಲಿಲ್ಲ. ಹೋಗಬೇಡಿ ಅಮ್ಮ ಅಂತ ಹೇಳೋಕೆ ನನಗೆ ಬಾಯೇ ಬರಲಿಲ್ಲ. ಟಿಕೆಟ್ ಕೊಡ್ತಾ ಇದ್ದೆ, ಅಷ್ಟೇ.”

ಹಲಗೆಯ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ಇವರು ಸುಮ್ನೆ ನಿಲ್ಲೋಣ ಅಂದಾಗ ಮೊದಲು ನಗು ಬಂತು. ಆಮೇಲೆ ಆ ಅಮ್ಮ ನೆನಪಾದ್ರು. ಅವರಿಗೋಸ್ಕರ ಅರ್ಧ ಗಂಟೆ ಬಾಯಿ ಮುಚ್ಚೋಕೆ ಆಗಲ್ವಾ ಅನ್ನಿಸ್ತು. ನಿಮ್ಮ ಬಸ್ ತಪ್ಪಿದ್ದು ನನ್ನ ತಪ್ಪೇ. ಬೈಯೋದಿದ್ರೆ ಬೈರಿ.”

ಯಾರೂ ಬೈಯಲಿಲ್ಲ. ಹಾಗೆಂದು ಎಲ್ಲರೂ ಕರಗಿ ನೀರಾದರು ಎಂದೂ ಅಲ್ಲ. ಚೀಲದ ಹೆಂಗಸರು “ಮೊದಲೇ ಹೇಳಬಾರದಿತ್ತಾ” ಎಂದು ಗೊಣಗುತ್ತಾ ಆಟೋ ಹಿಡಿದರು. ಡ್ಯೂಟಿಗೆ ತಡವಾಗಿದ್ದ ನರ್ಸನ್ನು ಗುಂಪಿನಲ್ಲಿ ಒಬ್ಬರಾಗಿದ್ದ ಲೈಬ್ರರಿಯವರು ತಮ್ಮ ಸ್ಕೂಟರಿನಲ್ಲಿ ಬಿಟ್ಟುಬಂದರು. ಫ್ಯಾನಿನವನು ಮಾತ್ರ ಆರು ಇಪ್ಪತ್ತರವರೆಗೆ ಕಂಡಕ್ಟರ ಜೊತೆ ಕಲ್ಲುಬೆಂಚಿನ ಮೇಲೆ ಕೂತು, ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸೋದರಮಾವನ ಮಗ ಗಡಿಯಲ್ಲಿರುವ ವಿಷಯ ಹೇಳಿದ. ಆರು ಇಪ್ಪತ್ತರ ಬಸ್ಸಿಗೆ ಕಂಡಕ್ಟರು ಕೂಗಿದ ಹೋಲ್ಡಾನ್‌ಗೆ ಆ ಬಸ್ಸಷ್ಟೇ ಅಲ್ಲ, ಎದುರಿನಿಂದ ಬರುತ್ತಿದ್ದ ಹಾಲಿನ ವ್ಯಾನೂ ನಿಂತಿತು.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು: ‘ಶಾಂತಿಗಾಗಿ ಮೌನವಾಗಿ ನಿಂತ ನಲವತ್ತು ನಾಗರಿಕರು’. ನಡುವೆ ಫ್ಯಾನು ಸ್ಪಷ್ಟವಾಗಿ ಕಾಣುತ್ತಿತ್ತು. ಟೀಚರಿಗೆ ಇದನ್ನು ಸಹಿಸಲಾಗಲಿಲ್ಲ. ಅವರಲ್ಲಿ ಮೂವತ್ನಾಲ್ಕು ಜನ ಬಸ್ಸಿಗೆ ಕಾಯುತ್ತಿದ್ದವರು ಎಂದು ಸಂಪಾದಕರಿಗೆ ಅಂದವಾದ ಅಕ್ಷರದಲ್ಲಿ ಪತ್ರ ಬರೆದರು.

“ಯಾಕ್ ಟೀಚರ್, ಅವರು ನಿಂತಿದ್ದು ಸುಳ್ಳಾ? ಮಾತಾಡದೇ ಇದ್ದಿದ್ದು ಸುಳ್ಳಾ?” ಎಂದು ಕಂಡಕ್ಟರು ವಾದಿಸಿದರು.

“ಯಾತಕ್ಕೆ ನಿಂತಿದ್ರು ಅನ್ನೋದು ಸುಳ್ಳು,” ಎಂದರು ಟೀಚರು. ಪತ್ರ ಅಂಚೆಗೆ ಹೋಯಿತು.

ಪತ್ರಿಕೆ ಅದನ್ನೂ ಅಚ್ಚು ಹಾಕಿತು. ಅದನ್ನು ಶ್ರದ್ಧೆಯಿಂದ ಓದಿದವರು ಬಸ್ ಡಿಪೋದ ಮ್ಯಾನೇಜರು. ಒಂದು ಸ್ಟಾಪಿನಲ್ಲಿ ಮೂವತ್ನಾಲ್ಕು ಜನ ಅರ್ಧ ಗಂಟೆ ಕಾದರೂ ಬಸ್ಸು ಸಿಗಲಿಲ್ಲವೆಂದು, ಶಿಸ್ತಿನ ಸಾಲಿನ ಫೋಟೋ ಸಮೇತ, ಊರಿಗೆಲ್ಲ ಗೊತ್ತಾಗಿಹೋಗಿತ್ತು. ಹತ್ತು ವರ್ಷದ ಅರ್ಜಿಗಳಿಗೆ ಕದಲದಿದ್ದ ಡಿಪೋ ಹತ್ತೇ ದಿನಕ್ಕೆ ಶನಿವಾರ ಸಂಜೆ ಐದೂವರೆಗೆ ಆ ಸ್ಟಾಪಿನಿಂದಲೇ ಹೊರಡುವ ಹೊಸ ಬಸ್ಸು ಬಿಟ್ಟಿತು.

ಇದನ್ನು ಗುಂಪಿನ ನಡಾವಳಿ ಪುಸ್ತಕದಲ್ಲಿ ಹೇಗೆ ಬರೆಯಬೇಕೆಂದು ಲೈಬ್ರರಿಯ ಮಹಡಿಯಲ್ಲಿ ಒಂದೂವರೆ ಗಂಟೆ ಜಗಳವಾಯಿತು. ಇದು ಗೆಲುವೇ ಎಂದು ಹಲ್ಲಿನ ಡಾಕ್ಟರು. ಯುದ್ಧಕ್ಕೂ ಬಸ್ಸಿಗೂ ಏನು ಸಂಬಂಧ ಎಂದು ಟೀಚರು. ಮೇಜು ಗುದ್ದಿದ್ದಕ್ಕೆ ಡಾಕ್ಟರ ಟೀ ಚೆಲ್ಲಿ ಎರಡು ಪುಟ ಒದ್ದೆಯಾದವು. ಎಡಗಡೆ ಕೋಣೆಯ ಪಿಂಚಣಿದಾರರು ಬಾಗಿಲು ತಟ್ಟಿ, ಸ್ವಲ್ಪ ಶಾಂತಿ ಕಾಪಾಡಿ ಎಂದು ಕೇಳಿಕೊಂಡರು. ಕೊನೆಗೆ ಕಂಡಕ್ಟರು ಎದ್ದು ಡಾಕ್ಟರನ್ನು ಕಿಟಕಿ ಪಕ್ಕದ ಕುರ್ಚಿಗೆ ಕಳಿಸಿ, ಟೀಚರನ್ನು ಬಾಗಿಲ ಬಳಿಯ ಕುರ್ಚಿಗೆ ಕೂರಿಸಿ, ನಡುವೆ ತಾವು ಕೂತರು. ‘ಹೊಸ ಬಸ್ಸು ಬಂತು’ ಎಂದಷ್ಟೇ ಬರೆಯುವುದೆಂದು ತೀರ್ಮಾನವಾಯಿತು.

ಯುದ್ಧ ನಿಂತಿಲ್ಲ. ಗುಂಪಿನಲ್ಲಿ ಈಗ ಹನ್ನೊಂದು ಜನರಿದ್ದಾರೆ; ಹೆಚ್ಚಾದ ನಾಲ್ವರಲ್ಲಿ ಎಲೆಕ್ಟ್ರಿಷಿಯನ್ ಒಬ್ಬ, ಆ ಕಾಲೇಜು ಹುಡುಗಿಯರು ಇಬ್ಬರು. ನಾಲ್ಕನೆಯವರು ಕಂಡಕ್ಟರ ಹೆಂಡತಿ. ಗಂಡ ಅರ್ಧ ಗಂಟೆ ಬಾಯಿ ಮುಚ್ಚಿರುತ್ತಾರೆ ಎಂಬ ಸುದ್ದಿಯನ್ನು ಕಣ್ಣಾರೆ ನೋಡಲು ಬಂದವರು, ಮರುವಾರವೂ ಮೆಷಿನ್ನಿಗೆ ಮುಸುಕು ಹಾಕಿ ಬಂದರು. ಹೊಸ ಬಸ್ಸಿನ ಡ್ರೈವರು ಸಲಾಮು ಹೊಡೆದಿದ್ದ ಹಳೇ ಸಂಗಾತಿಯೇ. ಐದೂ ಇಪ್ಪತ್ತಕ್ಕೆ ಬಂದು ಎಂಜಿನ್ನು ಆರಿಸುತ್ತಾನೆ. ಒಳಗೆ ಸೀಟು ಹಿಡಿದವರು ಮೊದಮೊದಲು ಸೆಕೆ ಎಂದು ಗೊಣಗಿದರು. ಈಗ ಕೆಲವರು ಕಿಟಕಿ ಸರಿಸಿ, ಮೊಣಕೈ ಊರಿ, ಮಾತಿಲ್ಲದೆ ಆ ಹನ್ನೊಂದು ಜನರನ್ನು ನೋಡುತ್ತಾ ಕೂರುತ್ತಾರೆ.