ನೀರು ಹೋಗಬೇಕಿದ್ದ ಮೂಲೆ

ತುಮಕೂರಿನ ಹೊರಗೆ, ಗುಬ್ಬಿ ರಸ್ತೆಯ ಪಕ್ಕದ ಆ ಬಡಾವಣೆಗೆ ಮಳೆನೀರಿನ ಚರಂಡಿ ವಿನ್ಯಾಸ ಮಾಡುವ ಕೆಲಸ ನನಗೆ ಬಂದಾಗ ಅಲ್ಲಿ ಆಗಲೇ ಮನೆಗಳೆದ್ದಿದ್ದವು. ನೆಲ ತಟ್ಟೆಯ ಹಾಗೆ ಸಮ. ಜೋರು ಮಳೆ ಬಂದರೆ ನೀರು ಮನೆಯೊಳಗೇ ನುಗ್ಗುತ್ತಿತ್ತು. ಅಳೆದು ನೋಡಿದಾಗ ತುಸು ತಗ್ಗಾಗಿದ್ದದ್ದು ಕೆರೆ ಕಡೆಯ ಒಂದೇ ಮೂಲೆ. ಅಲ್ಲಿ ನಾಲ್ಕು ತೆಂಗಿನ ಮರ, ಅವುಗಳ ನಡುವೆ ಒಂದು ಸಮಾಧಿ.

ತೋಟವನ್ನು ಬಡಾವಣೆಗೆ ಮಾರಿದ ಯಜಮಾನರು ಆ ಮೂಲೆಯನ್ನು ಮಾತ್ರ ಉಳಿಸಿಕೊಂಡಿದ್ದರು. ಸಮಾಧಿ ಅವರ ಹೆಂಡತಿಯದು. ದಿನಾ ಬೆಳಿಗ್ಗೆ ಬಂದು ಕಸ ಗುಡಿಸಿ, ಹೂವಿಟ್ಟು ಹೋಗುತ್ತಿದ್ದರು.

ಬೇರೆ ದಾರಿ ಹುಡುಕಿದೆ. ಚರಂಡಿಯನ್ನು ಸುತ್ತು ಹಾಕಿಸಿದರೆ ಇಳಿಜಾರು ಸಾಲದೆ ನೀರು ನಡುವೆಯೇ ನಿಲ್ಲುತ್ತಿತ್ತು. ಆಳ ಮಾಡಿದರೆ ಅದರ ತಳ ಕೆರೆಯ ನೀರಿಗಿಂತ ಕೆಳಗೆ ಹೋಗಿ, ಕೆರೆಯ ನೀರೇ ಹಿಂದಕ್ಕೆ ನುಗ್ಗುತ್ತಿತ್ತು. ಕೊನೆಗೆ ಅವರ ಮನೆಗೇ ಹೋಗಿ, ಚರಂಡಿ ಆ ಮೂಲೆಯಲ್ಲೇ ಹೋಗಬೇಕು, ಸಮಾಧಿ ತೆಗೆಯಬೇಕಾಗುತ್ತದೆ ಎಂದು ಹೇಳಿದೆ.

"ಅದೊಂದ್ ಕೇಳ್ಬ್ಯಾಡ ಕಣಮ್ಮ," ಎಂದು ಎದ್ದು ಒಳಗೆ ಹೋದರು.

ಅದೇ ವಾರ ಮಳೆ ಸುರಿಯಿತು. ಅವರ ಪಕ್ಕದ ಮನೆಯಲ್ಲಿ ಹಸಿ ಬಾಣಂತಿ. ನಾನು ನೋಡಲು ಹೋದಾಗ ಆ ಹುಡುಗಿ ಮಗುವನ್ನು ಅವಚಿಕೊಂಡು ಮಂಚದ ಮೇಲೆ ಕೂತಿದ್ದಳು. ಮಂಚದ ಕೆಳಗೆಲ್ಲ ನೀರು. ಬಕೆಟ್ಟಿನಲ್ಲಿ ಮೊಗೆದು ಹೊರಗೆ ಹಾಕುತ್ತಿದ್ದವರಲ್ಲಿ ಯಜಮಾನರೂ ಇದ್ದರು. ನನ್ನನ್ನು ಕಂಡು ಹೊರಗೆ ಬಂದರು.

"ಬರೀ ಮಳೆ ನೀರೇ ತಾನೇ ಹೋಗೋದು? ಮೋರಿ ನೀರು ಸೇರಲ್ವಲ್ಲ?"

"ಇಲ್ಲ ಯಜಮಾನ್ರೇ, ಮಳೆ ನೀರು ಮಾತ್ರ."

"ಅದು ನಿನ್ ಲೆಕ್ಕ. ಜನ ಮೋರಿ ನೀರು ಬುಡ್ದೆ ಇದ್ದಾರಾ?" ಎಂದವರು ಕೈಯಲ್ಲಿದ್ದ ಬಕೆಟ್ಟಿನ ನೀರನ್ನು ಬೀದಿಗೆ ಚೆಲ್ಲಿದರು. "ಆಗ್ಲಿ ಬುಡು. ಅಲ್ಲೇ ತೆಗೀರಿ."

ಸಮಾಧಿ ಅಗೆದ ದಿನ ನಾನೂ ಇದ್ದೆ. ಸಿಕ್ಕಿದ್ದು ಒಂದಿಷ್ಟು ಮೂಳೆ, ಹಸಿರು ಬಳೆಯ ಚೂರು. ಯಜಮಾನರು ಅವನ್ನು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿಕೊಂಡರು. ಕುಣಿಗಲ್ ಆಚೆ, ಹುಲಿಯೂರುದುರ್ಗದ ಹತ್ತಿರ, ಹೆಂಡತಿಯ ತಮ್ಮನ ಹೊಲದಲ್ಲಿ ಮತ್ತೆ ಮಣ್ಣು ಮಾಡುವುದೆಂದು ಮಾತಾಗಿತ್ತು.

"ಬದುಕಿದ್ದಾಗ ತವರಿಗೆ ಹೋಗ್ಬತ್ತೀನಿ ಅಂದ್ರೆ ಕಳಿಸ್ತಿರ್ಲಿಲ್ಲ. ತೋಟದ್ ಕೆಲ್ಸ ಯಾರ್ ನೋಡ್ತಾರೆ ಅಂತ ಬೈತಿದ್ದೆ ಕಣಮ್ಮ," ಎಂದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ತೋಟವಿದ್ದ ಜಾಗದ ಮನೆಗಳನ್ನು ನೋಡುತ್ತ ಕೂತರು.

ಮುಂದಿನ ಮಳೆಗಾಲದಲ್ಲಿ ನೀರು ಸಲೀಸಾಗಿ ಹರಿದು ಕೆರೆ ಸೇರಿತು. ಬಡಾವಣೆಯವರು ಫೋನ್ ಮಾಡಿ ಖುಷಿಪಟ್ಟರು. ನೋಡಲು ಹೋದಾಗ ಯಜಮಾನರು ಕೊಡೆ ಹಿಡಿದು ಚರಂಡಿಯ ಪಕ್ಕ ನಿಂತಿದ್ದರು.

"ಚೆನ್ನಾಗ್ ಹೋಯ್ತಾ ಐತೆ ನೀರು," ಎಂದರು. ಆಮೇಲೆ, ಮಂಡಿನೋವಿನಲ್ಲಿ ಬಸ್ಸು ಹತ್ತಲು ಆಗುತ್ತಿಲ್ಲವೆಂದು ಹೇಳಿ, "ಕುಣಿಗಲ್ ಕಡೆ ಯಾವಾಗಾದ್ರೂ ಹೋಯ್ತೀಯಾ?" ಎಂದು ಕೇಳಿದರು.

ಆ ಕಡೆ ನನಗೆ ಯಾವ ಕೆಲಸವೂ ಇರಲಿಲ್ಲ. "ಈಗ್ಲೇ ಹೊರಟಿದೀನಿ, ಬನ್ನಿ," ಎಂದು ಕಾರಿನ ಬಾಗಿಲು ತೆಗೆದೆ.