ಬಿಟ್ಟುಕೊಟ್ಟ ಒಂಬತ್ತು ಅಡಿ

ಮರಾಠಿ ಸೀಮೆಯ ಹಿಂಜವಾಡಿಯ ಅಂಚಿನಲ್ಲಿ ನಮ್ಮದು ಏಳು ಮನೆಗಳ ಅಂಗಳ. ಯಾದಗಿರಿ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದವರು ಕೂಡಿ ಕೊಂಡ ಜಾಗ. ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ನಾನೂ ಅಲ್ಲೇ ಮನೆ ಮಾಡಿದೆ. ಹೋದ ವರ್ಷ ಪಕ್ಕದಲ್ಲಿ ಫ್ಲ್ಯಾಟು ಕಟ್ಟುವ ಬಿಲ್ಡರ್ ಬಂದ. ಅವನ ತಗಡಿನ ಬೇಲಿ ವಾರಕ್ಕೊಂದು ಗೇಣು ನಮ್ಮ ಕಡೆ ಸರಿಯತೊಡಗಿತು. ಸುಣ್ಣದ ಗುರುತು ಹಾಕಿ ನೋಡಿದ್ದೇನೆ, ಊಹೆಯಲ್ಲ. ಹೀಗೇ ಬಿಟ್ಟರೆ ಏಳೂ ಮನೆ ಹೋಗುತ್ತಿದ್ದವು.

ಒಂದು ಭಾನುವಾರ ಎಲ್ಲರೂ ಬೇವಿನ ಮರದ ಕೆಳಗೆ ಕುಳಿತೆವು.

"ಕೇಸ್ ಹಾಕೂಣು" ಎಂದ ನನ್ನ ಪಕ್ಕದ ಮನೆಯವನು.

ಬೇಲಿಗೆ ಹತ್ತಿದ ಮನೆಯ ಗೌಂಡಿ ಹೆಂಗಸು ನಕ್ಕಳು. "ಕೇಸ್ ಮುಗಿಯೂದ್ರಾಗ ಅಂವ ನಿನ್ನ ಒಲಿ ಮ್ಯಾಲ ಗಾಡಿ ನಿಲ್ಲಿಸಿರ್ತಾನ, ಅಣ್ಣಾ. ಬೇಲಿ ಗುಂಟ ಒಂಬತ್ತು ಅಡಿ ಪಂಚಾಯಿತಿಗೆ ರಸ್ತಾಕ್ಕಂತ ಬರದು ಕೊಡೂಣು. ನಮ್ಮದನ್ನ ತಿಂತಾನ. ಪಂಚಾಯಿತಿದು ತಿನ್ನಾಕ ಅಂವಗೂ ಅಂಜಿಕಿ ಅದ."

"ನಿನ್ನ ಬಚ್ಚಲಾನೂ ಹೋಗ್ತದಲ್ಲಬೇ!" ಎಂದ ಅವನು.

"ಹೋಗ್ಲಿ. ಮನಿ ಉಳೀತದಲ್ಲ?" ಆಮೇಲೆ ನನ್ನತ್ತ ತಿರುಗಿದಳು. "ಮಾಸ್ತರ, ನಿಮ್ಮ ಇತಿಹಾಸದಾಗ ಹಿಂಗ ಯಾರರ ಮಾಡ್ಯಾರೇನ್ರಿ?"

ಮಾಡಿದ್ದರು. ಏಡ್ರಿಯಾಟಿಕ್ ಸಮುದ್ರದ ಕರಾವಳಿಯಲ್ಲಿ ರಗೂಸಾ ಎಂಬ ಪುಟ್ಟ ಗಣರಾಜ್ಯವಿತ್ತು. ಬೆನ್ನಿಗೆ ತುರ್ಕರ ಸಾಮ್ರಾಜ್ಯ, ಕರಾವಳಿಯ ಎರಡೂ ಕಡೆ ಅದನ್ನು ನುಂಗಲು ಕಾದಿದ್ದ ವೆನಿಸ್. ವೆನಿಸ್ಸಿನ ಗಡಿ ತನ್ನ ಗಡಿಗೆ ತಾಗಬಾರದೆಂದು ರಗೂಸಾ ತನ್ನ ಎರಡು ತುದಿಯ ನೆಲವನ್ನು ತಾನಾಗಿಯೇ ತುರ್ಕರಿಗೆ ಬಿಟ್ಟಿತು. ಇನ್ನು ನೆಲದ ಮೇಲೆ ಬರಬೇಕಾದರೆ ವೆನಿಸ್ ತುರ್ಕರ ನೆಲ ತುಳಿದೇ ಬರಬೇಕು. ಬರಲಿಲ್ಲ. ಗಣರಾಜ್ಯ ಮತ್ತೂ ನೂರು ವರ್ಷ ಬಾಳಿತು. ಹಾಗೆ ಬಿಟ್ಟದ್ದರಲ್ಲಿ ಒಂದು ತುಂಡು ಆ ಕರಾವಳಿಯ ನಡುವೆ ಇಂದಿಗೂ ಬೇರೆ ದೇಶದ್ದು.

ಪಠ್ಯದಲ್ಲಿಲ್ಲದ ಈ ಕತೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಪ್ರತಿ ಸಲವೂ "ಅಂಜಿ ನೆಲ ಕೊಟ್ಟರು" ಎಂದೇ ಮುಗಿಸುತ್ತಿದ್ದೆ. ಅಂಜಿಕೆಯಲ್ಲ, ಅದು ಲೆಕ್ಕಾಚಾರವೆಂದು ಶಾಲೆಯ ಮೆಟ್ಟಿಲು ಹತ್ತದವಳು ಆ ದಿನ ನನಗೆ ತೋರಿಸಿದಳು. ಎಲ್ಲರೂ ಒಪ್ಪಿದರು. ಪಂಚಾಯಿತಿಗೆ ಮರಾಠಿಯಲ್ಲಿ ಅರ್ಜಿ ಬರೆಯುವಾಗ ಎರಡು ಹಾಳೆ ಕೆಡಿಸಿದೆ.

ಪಂಚಾಯಿತಿಯವರು ಗಡಿಗಲ್ಲು ನೆಡಲು ಬಂದ ದಿನ ಅವಳು ತಾನೇ ಕಟ್ಟಿದ ಬಚ್ಚಲನ್ನು ತಾನೇ ಸುತ್ತಿಗೆಯಿಂದ ಒಡೆದಳು. ಬೇರೆಯವರಿಗೆ ಕೈ ಹಚ್ಚಗೊಡಲಿಲ್ಲ. ತಿಂಗಳೊಳಗೆ ಬಿಲ್ಡರನ ಗೋಡೆ ಎದ್ದಿತು, ರಸ್ತೆಯ ಆಚೆಗೆ. ಅವಳು ನೇರ ನೋಡುವ ನೂಲುಗುಂಡು ಹಿಡಿದು, ಒಂದು ಕಣ್ಣು ಮುಚ್ಚಿ ಆ ಗೋಡೆಯನ್ನು ನೋಡಿದಳು.

"ಗ್ವಾಡಿ ನೆಟ್ಟಗ ಅದ ನೋಡ್ರಿ ಮಾಸ್ತರ" ಎಂದು, ಬಕೆಟ್ ಎತ್ತಿಕೊಂಡು ನಮ್ಮ ಮನೆಯ ಬಚ್ಚಲಿಗೆ ಸ್ನಾನಕ್ಕೆ ಹೋದಳು.