ಕೆಂಪಮ್ಮನ ದಂಡೆ

ಜಯಾ, ಹೊಳೆದಂಡೆಯ ನಮ್ಮ ಬಡಾವಣೆಗೆ ನಿನ್ನ ಅಜ್ಜಿಯ ಹೆಸರು ಇಲ್ಲದಂತೆ ಮಾಡಿದವಳು ನಾನು. ಪುರಸಭೆಯವರಲ್ಲ — ನಾನೇ.

ಎಪ್ಪತ್ತರ ದಶಕದ ಮೊದಲಲ್ಲಿ ನಾವು ಮದ್ದೂರಿಗೆ ಬಂದಾಗ ಶಿಂಷೆಯ ಆ ಮರಳ ದಂಡೆಯಲ್ಲಿದ್ದದ್ದು ನಿಮ್ಮಜ್ಜಿ ಕೆಂಪಮ್ಮನ ಗುಡಿಸಲೊಂದೇ. ಸುತ್ತ ಕಬ್ಬಿನ ಗದ್ದೆ. ಸಂಜೆ ಪೇಟೆಯವರು ಗಾಳಿಗೆಂದು ಬಂದು ಮರಳಲ್ಲಿ ಕೂತರೆ ಆಕೆ ಕರೆದು ಮಜ್ಜಿಗೆ ಕೊಡುತ್ತಿದ್ದಳು. ಆಮೇಲೆ ಗದ್ದೆಗಳು ಸೈಟುಗಳಾದವು, ಕರೆಂಟು ಕಂಬ ಬಂತು, ಮೇಷ್ಟರಾಗಿದ್ದ ನಮ್ಮ ಯಜಮಾನರೂ ಅಲ್ಲೇ ಹೆಂಚಿನ ಮನೆ ಕಟ್ಟಿಸಿದರು. ಜನ ಮಾತ್ರ ಇಡೀ ಜಾಗವನ್ನು ‘ಕೆಂಪಮ್ಮನ ದಂಡೆ’ ಎಂದೇ ಕರೆದರು. ನನ್ನ ತವರಿನಿಂದ ಬರುವ ಕಾಗದದ ಮೇಲೂ ಅದೇ ವಿಳಾಸ! ಓದಿದವಳು ನಾನು — ಅಕ್ಷರ ಬಾರದವಳ ಹೆಸರು ಹೊತ್ತು ಬಾಳಬೇಕೇ? ಹೊಟ್ಟೆ ಉರಿಯುತ್ತಿತ್ತು. ನನ್ನ ಮಗ ಜ್ವರದಲ್ಲೂ ಕೆಂಪಮ್ಮನೇ ಬರಲಿ ಎಂದು ಅತ್ತಾಗ... ಬೇಡ, ಅದು ನೆಪವಾಗುತ್ತದೆ.

ಫಲಕ ಬರೆಸಲು ಬಂದ ಪುರಸಭೆಯ ಗುಮಾಸ್ತ ನಮ್ಮ ಬಾಗಿಲಲ್ಲಿ ನಿಂತು ಜಾಗದ ಹೆಸರು ಕೇಳಿದ.

“ಹೊಳೆ ಬಡಾವಣೆ,” ಎಂದೆ.

“ಕೆಂಪಮ್ಮನ ದಂಡೆ ಅಂತಾರಲ್ಲಮ್ಮ?”

“ಅದು ಕೂಲಿಯವರ ಮಾತು. ನೀವು ಬರ್ಕೊಳ್ಳಿ.”

ಬರೆದುಕೊಂಡು ಹೋದ.

ಫಲಕ ನೆಟ್ಟ ದಿನ ನಿಮ್ಮಜ್ಜಿ ನನ್ನ ಕೈ ಹಿಡಿದು ಎಳೆದೊಯ್ದಳು. “ಅಮ್ಮಾವ್ರೆ, ಏನ್ ಬರ್ದವ್ರೆ, ವಸಿ ಓದೇಳಿ.” ಆ ಮುಖ ನೋಡಿ — ಕರುಣೆಯಿಂದಲ್ಲ, ಸಿಕ್ಕಿಬೀಳುವ ಭಯದಿಂದ — “ನಿನ್ನ ಹೆಸರೇ, ಕೆಂಪಮ್ಮ,” ಎಂದುಬಿಟ್ಟೆ. ಅಂದಿನಿಂದ ಪ್ರತಿ ಶುಕ್ರವಾರ ಆಕೆ ಸೆರಗಿನಿಂದ ಫಲಕದ ಧೂಳೊರೆಸಿದಳು. ಮಳವಳ್ಳಿಯಿಂದ ಬಂದ, ತನ್ನಂತೆಯೇ ಅಕ್ಷರ ಬಾರದ ನೆಂಟರನ್ನೆಲ್ಲ ಕರೆದು ತೋರಿಸಿದಳು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ — ಹೇಳಲು ನಾಚಿಕೆ — ಆ ಸುಳ್ಳು ಸಂತೋಷದ ಮೇಲೂ ಹೊಟ್ಟೆಕಿಚ್ಚೇ.

ನೀನು ಒಂದನೇ ಕ್ಲಾಸು ಸೇರಿದ ವರ್ಷ ಅದೇ ಫಲಕದ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ, “ಹೊಳೆ... ಬಡಾವಣೆ,” ಎಂದು ಓದಿದೆ. ಅಜ್ಜಿಯ ಕೈಯಲ್ಲಿ ಸೆರಗು ಹಾಗೇ ನಿಂತಿತು. ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿದಳು.

“ಯಾಕ್ ಅಮ್ಮಾವ್ರೆ, ಈ ಮಗೀಗೆ ಇನ್ನೂ ಓದಕ್ಕೆ ಬರಾಕಿಲ್ವಾ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

“ಇಲ್ಲ,” ಎಂದೆ.

ಆಕೆ ನಿನ್ನ ತಲೆಗೆ ಮೊಟಕಿ, “ಸರ್ಯಾಗ್ ಕಲಿ ಕಣಮ್ಮಿ,” ಎಂದಳು. ನೀನು ಅಳಲಿಲ್ಲ, ನನ್ನನ್ನೇ ನೋಡಿದೆ.

ನಿಮ್ಮಜ್ಜಿ ನನ್ನನ್ನು ನಂಬಿಕೊಂಡೇ ಹೋದಳು. ಆಕೆಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ — ಅವತ್ತು ನೀನು ಓದಿದ್ದು ಸರಿಯಾಗಿತ್ತು, ಜಯಾ.